ಪುಟಶೋಧನೆಯೂ ಪಾಠಶೋಧನೆಯೂ

೧

ಅಚ್ಚಾದ ಹಳೆಯ ಗ್ರಂಥಗಳ ಪುಟಗಳಿಗೆ ಛಾಯಾಪ್ರತಿಯನ್ನು ತೆಗೆದು, ಅದರಲ್ಲಿರುವ ಅಕ್ಷರಗಳನ್ನು ಯಂತ್ರದಿಂದಲೇ ಓದಿಸಿ, ಹುಡುಕುವುದಕ್ಕೂ ತಿದ್ದುವುದಕ್ಕೂ ಒದಗುವ ಪಠ್ಯವನ್ನಾಗಿ ಮಾರ್ಪಡಿಸುವ ಕಾರ್ಯವು ಈಗ ಕನ್ನಡದಲ್ಲಿಯೂ ವ್ಯಾಪಕವಾಗಿ ನಡೆಯುತ್ತಿದೆ. ಓ.ಸಿ.ಆರ್. ಎಂದು ವ್ಯವಹಾರದಲ್ಲಿರುವ ಈ ಕ್ರಿಯೆಯನ್ನು ಇಲ್ಲಿ ಯಂತ್ರವಾಚನವೆಂದು ಕರೆಯಲಾಗಿದೆ. ಯಂತ್ರವು ಓದುವುದಕ್ಕೆ ಮೊದಲು ಪುಟವನ್ನು ಶುಚಿಗೊಳಿಸುವುದು ವಾಡಿಕೆ. ಕಾಗದದ ಹಳದಿ, ಹಿಂಬದಿಯಿಂದ ಮೂಡಿಬಂದ ಮಸಿ, ಹುಳು ತಿಂದ ತೂತು, ಹೊಲಿಗೆಯ ಬಳಿಯ ನೆರಳು, ಧೂಳಿನ ಕಣ, ಇವೆಲ್ಲವೂ ಕೊಳೆಯೆಂದು ಎಣಿಸಲ್ಪಟ್ಟು ತೆಗೆದುಹಾಕಲ್ಪಡುತ್ತವೆ. ವಿದ್ವಾಂಸರು ಇದನ್ನು ಕೈಗೆಲಸವೆಂದು ಭಾವಿಸಿ ಯಂತ್ರಜ್ಞರಿಗೆ ಬಿಟ್ಟಿದ್ದಾರೆ. ಯಂತ್ರಜ್ಞರು ಇದನ್ನು ಗಣಿತದ ಕೆಲಸವೆಂದು ಭಾವಿಸಿ ಭಾಷೆಯ ಗೊಡವೆಯಿಲ್ಲದೆ ಮಾಡಿಮುಗಿಸುತ್ತಾರೆ. ಇಬ್ಬರ ನಡುವೆ ಜಾರಿಬೀಳುವುದು ಗ್ರಂಥದ ಪಾಠ.

ಕೊಳೆ ಯಾವುದು, ಅಕ್ಷರ ಯಾವುದು ಎಂದು ನಿರ್ಣಯಿಸುವುದೇ ಓದುವಿಕೆಯ ಮೊದಲನೆಯ ಹೆಜ್ಜೆ. ಈ ನಿರ್ಣಯವನ್ನು ಮಾಡುವವನು, ತಾನು ಬಲ್ಲನೋ ಅರಿಯನೋ, ಗ್ರಂಥಸಂಪಾದಕನ ಪೀಠದಲ್ಲಿ ಕುಳಿತಿರುತ್ತಾನೆ. ಹಾಗಿರುವಲ್ಲಿ ಗ್ರಂಥಸಂಪಾದನೆಗೆ ಸಲ್ಲುವ ನಿಯಮಗಳೆಲ್ಲವೂ ಪುಟಶೋಧನೆಗೂ ಸಲ್ಲಬೇಕಷ್ಟೆ. ಮೂಲವನ್ನು ಕೆಡಿಸಬಾರದು, ಮಾಡಿದ ತಿದ್ದುಪಡಿಯನ್ನು ಮರೆಮಾಡಬಾರದು, ಸಂದೇಹವಿದ್ದಲ್ಲಿ ಪಾಠಾಂತರವನ್ನು ಕೊಡಬೇಕು. ಈ ಮೂರು ನಿಯಮಗಳನ್ನು ಅಲಕ್ಷ್ಯಮಾಡಿದರೆ ಕನ್ನಡದ ಪಠ್ಯಕ್ಕೆ ಒದಗುವ ಹಾನಿ ಎಂತಹುದು, ಅದನ್ನು ತಡೆಯುವ ಬಗೆ ಯಾವುದು ಎಂಬುದೇ ಪ್ರಕೃತ ವಿಮರ್ಶೆಯ ವಿಷಯ.

೨

ಇಂತಹ ವಿಚಾರವನ್ನು ಒಂದು ಸ್ಥಳಕ್ಕೂ ಒಂದು ಗ್ರಂಥಕ್ಕೂ ಕಟ್ಟಿ ನೋಡುವುದು ಮೇಲು. ಕೋಲಾರದ ಚಿನ್ನದ ಗಣಿಪ್ರದೇಶದಲ್ಲಿರುವ ಆಂಡರ್ಸನ್‌ಪೇಟೆಯು ಅದಕ್ಕೆ ತಕ್ಕ ನೆಲೆ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಗಣಿಯ ಕೆಲಸಕ್ಕೆ ಕೈಹಾಕಿದ ತರುವಾಯ ಈ ಪ್ರದೇಶಕ್ಕೆ ತಮಿಳು, ತೆಲುಗು, ಕನ್ನಡ ಮಾತನಾಡುವ ಜನರು ಬಂದು ನೆಲೆಸಿದರು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿಹೋದುವು. ಮೂರು ನುಡಿಗಳೂ ಮೂರು ಲಿಪಿಗಳೂ ಉಳಿದುವು. ಊರು ಹೊಸದಾದರೂ ಸುತ್ತಣ ಸೀಮೆ ಬಹಳ ಹಳೆಯದು. ಗಣಿಪ್ರದೇಶಕ್ಕೆ ನೀರೊದಗಿಸಿದ ಬೇತಮಂಗಲವು ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂದು ಹೇಳಲ್ಪಟ್ಟಿರುವ ಊರು. ಬಾಣರು, ನೊಳಂಬರು, ಗಂಗರು, ಚೋಳರು ಈ ನಾಡಿನಲ್ಲಿ ಒಬ್ಬರಾದ ಮೇಲೊಬ್ಬರು ಕಲ್ಲಿನ ಮೇಲೆ ಬರೆಯಿಸಿ ಹೋಗಿದ್ದಾರೆ. ಆದುದರಿಂದ ಕನ್ನಡ ಶಾಸನಗಳ ಮಗ್ಗುಲಲ್ಲಿಯೇ ತಮಿಳು ಶಾಸನಗಳೂ ನಿಂತಿವೆ.

ಈ ಸೀಮೆಯ ಶಾಸನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದವರು ಬಿ. ಎಲ್. ರೈಸ್ ಅವರು. ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಗೆ ಸಂಬಂಧಪಟ್ಟುದು; ೧೯೦೫ರಲ್ಲಿ ಹೊರಬಂದಿತು. ಈಗ ಬಂಗಾರಪೇಟೆಯೆನಿಸಿರುವ ಊರಿಗೆ ಆಗ ಬೌರಿಂಗ್‌ಪೇಟೆಯೆಂದು ಹೆಸರಿದ್ದಿತಾಗಿ, ಗಣಿಪ್ರದೇಶವನ್ನೊಳಗೊಂಡ ತಾಲ್ಲೂಕಿನ ಶಾಸನಗಳು ಆ ಸಂಪುಟದಲ್ಲಿ ಬೌರಿಂಗ್‌ಪೇಟೆ ತಾಲ್ಲೂಕು ಎಂಬ ಭಾಗದಲ್ಲಿ ಬರುತ್ತವೆ. ಸಂಪುಟವು ಶಾಸನಗಳ ಪಾಠವನ್ನು ಕನ್ನಡ ಅಕ್ಷರಗಳಲ್ಲಿಯೂ ರೋಮನ್ ಅಕ್ಷರಗಳಲ್ಲಿಯೂ ಕೊಟ್ಟು ಇಂಗ್ಲಿಷಿನಲ್ಲಿ ಅನುವಾದವನ್ನು ಒದಗಿಸುತ್ತದೆ. ಮುದ್ರಣವಾಗಿ ನೂರು ವರ್ಷ ಮೀರಿದ ಇಂತಹ ಪುಸ್ತಕಗಳ ಕಾಗದ ಕಂದಿದೆ, ಅಂಚು ಮುರಿಯುತ್ತಿದೆ. ಇಂದಿನ ಓದುಗನಿಗೆ ಅವು ಬಹುಮಟ್ಟಿಗೆ ಛಾಯಾಪ್ರತಿಯ ರೂಪದಲ್ಲಿಯೇ ದೊರೆಯುವುವು. ಒಂದು ಹಳ್ಳಿಗೆ ತನ್ನ ಕೆರೆಯ, ಗುಡಿಯ, ದತ್ತಿಯ ಪ್ರಾಚೀನತೆಗೆ ಇರುವ ಲಿಖಿತ ಸಾಕ್ಷ್ಯವು ಎಷ್ಟೋ ವೇಳೆ ಇಂತಹ ಒಂದು ಪುಟ ಮಾತ್ರ. ಕಲ್ಲು ಸವೆದು, ಪುಸ್ತಕ ಸಡಿಲಿ, ಕಡೆಗೆ ಉಳಿಯುವುದು ಯಂತ್ರವು ಓದಿ ಬರೆದಿಟ್ಟ ಪಠ್ಯವೇ ಆದರೆ, ಆ ಪಠ್ಯದ ಪ್ರಾಮಾಣ್ಯವು ಸಣ್ಣ ವಿಷಯವಲ್ಲ.

೩

ಕಲ್ಲಿನಿಂದ ಗಣಕಕ್ಕೆ ಬರುವ ಹಾದಿಯಲ್ಲಿ ಒಂದು ಶಾಸನವು ಹಲವು ಸಲ ‘ಶುಚಿ’ಯಾಗುತ್ತದೆ. ಪಡಿಯಚ್ಚನ್ನು ತೆಗೆಯುವವನು ಮೊದಲು ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಹೊಡೆದು, ಕಾಗದವು ಅಕ್ಷರದ ಹಳ್ಳಕ್ಕೆ ಇಳಿಯುವಂತೆ ಮಾಡಿ, ಮೇಲೆ ಮಸಿಯನ್ನು ತಟ್ಟುತ್ತಾನೆ. ಮೇಲ್ಮೈ ಕಪ್ಪಾಗುತ್ತದೆ, ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಆದರೆ ಮಳೆಗಾಳಿಗಳು ಕಲ್ಲಿನಲ್ಲಿ ಮಾಡಿದ ಗುಂಡಿಗಳೂ ಹಾಗೆಯೇ ಬೆಳ್ಳಗೆ ಉಳಿಯುತ್ತವೆ. ಅಕ್ಷರಕ್ಕೂ ಗುಂಡಿಗೂ ಬಣ್ಣದಲ್ಲಿ ಭೇದವಿಲ್ಲ. ತಾಳೆಯೋಲೆಯ ಸ್ಥಿತಿಯೂ ಇದೇ. ಕಂಟದಿಂದ ಗೀರಿದ ಗರಿಗೆ ಕಾಡಿಗೆಯನ್ನು ಸವರಿ ಒರಸಿದಾಗ ಅಕ್ಷರದ ಗೀರಿನಲ್ಲಿ ನಿಲ್ಲುವ ಕಪ್ಪು ಹುಳುವಿನ ತೂತಿನಲ್ಲಿಯೂ ನಿಲ್ಲುತ್ತದೆ. ಇವೆರಡನ್ನೂ ಬೇರ್ಪಡಿಸುವುದು ಓದುವವನ ಭಾಷಾಜ್ಞಾನ, ಲಿಪಿಜ್ಞಾನ, ಸಂದರ್ಭಜ್ಞಾನಗಳು.

ಇಲ್ಲಿ ಹಿಂದಿನವರು ಒಂದು ಸತ್ಸಂಪ್ರದಾಯವನ್ನು ಕಾಪಾಡಿಕೊಂಡು ಬಂದರು. ಓದಲಾರದ ಕಡೆ ಓದಲಾಗದೆಂದೇ ಒಪ್ಪಿಕೊಂಡು, ಅಳಿದ ಅಕ್ಷರಗಳ ಸ್ಥಾನದಲ್ಲಿ ಬಿಂದುಗಳ ಸಾಲನ್ನು ಅಚ್ಚುಹಾಕಿಸಿದರು. ಊಹಿಸಿ ತುಂಬಿದುದನ್ನು ಕಂಸದೊಳಗೆ ಇಟ್ಟರು. ಶಾಸನದ ಮುದ್ರಿತ ಪಾಠದಲ್ಲಿ ಆ ಬಿಂದುಗಳಿಗೆ ಅಕ್ಷರಗಳಷ್ಟೇ ಬೆಲೆಯುಂಟು. ಇಲ್ಲಿ ಏನೋ ಇತ್ತು, ಈಗ ಇಲ್ಲ, ಎಂಬುದು ಅವುಗಳ ಅರ್ಥ.

ಈಗ ಆ ಪುಟವೇ ಯಂತ್ರದ ಮುಂದೆ ಬರುತ್ತದೆ. ಪುಟವನ್ನು ಶುಚಿಮಾಡುವ ಸಾಧನಕ್ಕೆ ಚಿಕ್ಕ ಕರಿಯ ಚುಕ್ಕೆಯೆಂದರೆ ಧೂಳು. ಧೂಳೊಡನೆ ಬಿಂದುಗಳ ಸಾಲೂ ಹೋಗುತ್ತದೆ. ಎರಡು ತುಂಡಾಗಿದ್ದ ಪಂಕ್ತಿ ಬೆಸೆದು ಒಂದಾಗುತ್ತದೆ. ದಾತೃವಿನ ಹೆಸರಿಗೂ ಗ್ರಾಮದ ಹೆಸರಿಗೂ ನಡುವೆ ಇದ್ದ ಬಿರುಕು ಮುಚ್ಚಿ, ಆ ದಾತೃವೇ ಆ ಗ್ರಾಮವನ್ನು ಕೊಟ್ಟಂತೆ ತೋರುತ್ತದೆ. ಸಂಪಾದಕನು ತನ್ನ ಅಜ್ಞಾನವನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡ ಸ್ಥಳದಲ್ಲಿ ಯಂತ್ರವು ಇಲ್ಲದ ಜ್ಞಾನವನ್ನು ಹುಟ್ಟಿಸಿತು. ಪುಟ ಮಾತ್ರ ಮೊದಲಿಗಿಂತ ಚೊಕ್ಕಟವಾಗಿ ಕಾಣುತ್ತಿರುತ್ತದೆ.

೪

ಪುಟಶೋಧನೆಯ ಕ್ರಮವನ್ನು ಸ್ವಲ್ಪ ವಿವರಿಸುವುದು ಆವಶ್ಯಕ. ಛಾಯಾಪ್ರತಿಯು ಪಿಕ್ಸೆಲ್ ಎಂಬ ಸಣ್ಣ ಚೌಕಗಳಿಂದ ಕೂಡಿದುದು. ಒಂದೊಂದಕ್ಕೂ ಕಪ್ಪಿನಿಂದ ಬಿಳುಪಿನವರೆಗೆ ಒಂದು ಅಂಕವಿರುತ್ತದೆ. ಮೊದಲು ಓರೆಯಾದ ಪುಟವನ್ನು ನೇರಮಾಡುತ್ತಾರೆ. ಆಮೇಲೆ ಒಂದು ಗಡಿಯಂಕವನ್ನು ಗೊತ್ತುಮಾಡಿ, ಅದಕ್ಕಿಂತ ಕಪ್ಪಾದುದು ಮಸಿ, ಬೆಳ್ಳಗಾದುದು ಕಾಗದ ಎಂದು ಎರಡು ಪಾಲು ಮಾಡುತ್ತಾರೆ. ಈ ಗಡಿಯನ್ನು ಪುಟದ ಅಂಕಗಳಿಂದಲೇ ಕಂಡುಹಿಡಿಯುವ ಪ್ರಸಿದ್ಧ ವಿಧಾನವನ್ನು ಜಪಾನಿನ ನೊಬುಯುಕಿ ಒತ್ಸು ಎಂಬವರು ೧೯೭೯ರಲ್ಲಿ ಪ್ರಕಟಿಸಿದರು. ಇಡೀ ಪುಟಕ್ಕೆ ಒಂದೇ ಗಡಿಯಾದುದರಿಂದ, ಒಂದು ಮೂಲೆ ಕಂದಿ ಇನ್ನೊಂದು ಮೂಲೆ ಬೆಳ್ಳಗಿರುವ ಹಳೆಯ ಕಾಗದದಲ್ಲಿ ಅದು ಸೋಲುತ್ತದೆ. ಈ ಕೊರತೆಯನ್ನು ನೀಗಲು ೧೯೮೬ರಲ್ಲಿ ನಿಬ್ಲ್ಯಾಕ್ ಅವರೂ ೨೦೦೦ದಲ್ಲಿ ಫಿನ್ಲೆಂಡಿನ ಸೌವೊಲಾ ಮತ್ತು ಪಿಯೆಟಿಕೈನೆನ್ ಅವರೂ ಪುಟದ ಒಂದೊಂದು ಎಡೆಗೂ ಅಲ್ಲಲ್ಲಿಯ ನೆರೆಯನ್ನು ನೋಡಿ ಬೇರೆ ಬೇರೆ ಗಡಿಯನ್ನು ಕಟ್ಟುವ ಕ್ರಮವನ್ನು ತೋರಿಸಿದರು. ಎಲ್ಲರಿಗೂ ಮುಕ್ತವಾಗಿ ದೊರೆಯುವ ಟೆಸರಾಕ್ಟ್ ಎಂಬ ವಾಚನಯಂತ್ರವು, ಬೇರೆ ಅಪ್ಪಣೆಯಿಲ್ಲದಿದ್ದರೆ, ಒತ್ಸು ಅವರ ಗಡಿಯನ್ನೇ ಬಳಸುತ್ತದೆ.

ಗಡಿ ಕಟ್ಟಿದ ಮೇಲೂ ಉಳಿಯುವ ಬಿಡಿ ಚುಕ್ಕೆಗಳನ್ನು ತೆಗೆಯುವುದು ಮುಂದಿನ ಹೆಜ್ಜೆ. ಒಂದು ವಿಧಾನದಲ್ಲಿ, ಇಂತಿಷ್ಟು ಪಿಕ್ಸೆಲ್‌ಗಳಿಗಿಂತ ಚಿಕ್ಕದಾಗಿ ಬೇರೆ ಯಾವುದಕ್ಕೂ ಅಂಟದೆ ನಿಂತಿರುವ ತುಣುಕೆಲ್ಲವನ್ನೂ ಅಳಿಸಿಬಿಡುತ್ತಾರೆ. ಇನ್ನೊಂದರಲ್ಲಿ, ಪ್ರತಿಯೊಂದು ಪಿಕ್ಸೆಲ್ಲಿಗೂ ಅದರ ನೆರೆಹೊರೆಯ ಮಧ್ಯಾಂಕವನ್ನು ಕೊಡುತ್ತಾರೆ. ಎಂದರೆ ಸುತ್ತಲೂ ಹೆಚ್ಚಾಗಿ ಬಿಳುಪಿದ್ದರೆ ನಡುವಿನದೂ ಬಿಳುಪಾಗುತ್ತದೆ. ಬಹುಮತದಿಂದ ಸತ್ಯವನ್ನು ನಿರ್ಣಯಿಸುವ ಕ್ರಮವಿದು.

ಈ ವಿಧಾನಗಳ ಉಪಯೋಗವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಶುಚಿಮಾಡದ ಪುಟವನ್ನು ಯಂತ್ರಕ್ಕೆ ಒಡ್ಡಿದರೆ ಹುಳು ತಿಂದ ತೂತನ್ನು ಅದು ಸೊನ್ನೆಯೆಂದು ಓದೀತು. ಹಿಂಬದಿಯ ಪಂಕ್ತಿಯನ್ನು ಮುಂಬದಿಯ ಪಂಕ್ತಿಯೊಡನೆ ಹೆಣೆದೀತು. ಓರೆಯಾದ ಎರಡು ಸಾಲುಗಳನ್ನು ಬೆರಸೀತು. ಆಕ್ಷೇಪವಿರುವುದು ಶುಚಿತ್ವದ ಮೇಲಲ್ಲ. ಕೊಳೆಯ ಲಕ್ಷಣವನ್ನು ಅಕ್ಷರದ ಲಕ್ಷಣವನ್ನು ನೋಡದೆಯೇ ಗೊತ್ತುಮಾಡಿದ್ದಾರೆ ಎಂಬುದೇ ಆಕ್ಷೇಪ. ‘ಚಿಕ್ಕದಾದುದು, ಬಿಡಿಯಾದುದು ಕೊಳೆ’ ಎಂಬ ಲಕ್ಷಣವನ್ನು ಒಂದು ಲಿಪಿಗೆ ಅನ್ವಯಿಸುವ ಮುನ್ನ, ಆ ಲಿಪಿಯಲ್ಲಿ ಚಿಕ್ಕದೂ ಬಿಡಿಯೂ ಆದ ಅವಯವಗಳು ಯಾವುವೆಂದು ಕೇಳಬೇಕಾಗಿತ್ತು.

೫

ಕನ್ನಡ ಲಿಪಿಯು ಗುಂಡನೆಯ ಲಿಪಿ. ಅದರ ಅನೇಕ ಅಕ್ಷರಗಳಿಗೆ ಒಡಲು ಒಂದೇ, ಭೇದ ಮಾತ್ರ ಅಲ್ಪ. ರಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ ಠಕಾರ. ದಕಾರದ ಅಡಿಯಲ್ಲಿ ಒಂದು ಸಣ್ಣ ಸೀಳನ್ನೆಳೆದರೆ ಧಕಾರ. ಆ ಧಕಾರದ ನಡುವೆ ಚುಕ್ಕೆಯನ್ನಿಟ್ಟರೆ ಥಕಾರ. ಬಕಾರಭಕಾರಗಳಿಗೂ ಪಕಾರಫಕಾರಗಳಿಗೂ ಡಕಾರಢಕಾರಗಳಿಗೂ ಇರುವ ಅಂತರ ಅದೇ ಸೀಳು. ಹ್ರಸ್ವವನ್ನು ದೀರ್ಘಮಾಡುವ ಚಿಹ್ನೆಯು ಅಕ್ಷರದ ಬಲಗಡೆ ಬಿಡಿಯಾಗಿ ನಿಲ್ಲುತ್ತದೆ. ಒತ್ತಕ್ಷರವು ಪಂಕ್ತಿಯ ಕೆಳಗೆ ಇಳಿದು, ಕೆಳಪಂಕ್ತಿಯ ತಲೆಕಟ್ಟಿನ ಬಳಿಗೆ ಹೋಗಿ ನಿಲ್ಲುತ್ತದೆ. ಚಿಕ್ಕದು, ಬಿಡಿಯಾದುದು, ಅಂಚಿನಲ್ಲಿರುವುದು, ಇವೇ ಕನ್ನಡದಲ್ಲಿ ಅರ್ಥವನ್ನು ಹೊರುವ ಅವಯವಗಳು.

ಈ ಚುಕ್ಕೆ ಇಂದಿನ ಅಚ್ಚಿನ ಚಮತ್ಕಾರವೂ ಅಲ್ಲ. ಅಶೋಕನ ಕಾಲದ ಬ್ರಾಹ್ಮಿಯಲ್ಲಿ ಠಕಾರವು ಬರಿಯ ವೃತ್ತ. ಥಕಾರವು ನಡುವೆ ಚುಕ್ಕೆಯುಳ್ಳ ವೃತ್ತ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳನ್ನು ಕೆತ್ತಿದವರ ಕಾಲದಿಂದ ಥಕಾರದ ಒಡಲು ಎಷ್ಟೋ ರೂಪಾಂತರಗಳನ್ನು ಹೊಂದಿದರೂ ನಡುವಿನ ಚುಕ್ಕೆ ಇಂದಿಗೂ ಉಳಿದಿದೆ.

ಈ ಅವಯವಗಳು ಅಳಿದರೆ ಆಗುವುದೇನು? ‘ಮಠ’ದ ಚುಕ್ಕೆ ಹೋದರೆ ‘ಮರ’. ಮಠಕ್ಕೆ ಬಿಟ್ಟ ಭೂಮಿ ಮರಕ್ಕೆ ಬಿಟ್ಟ ಭೂಮಿಯಾಗುತ್ತದೆ. ವಿಭಕ್ತಿಪ್ರತ್ಯಯಗಳೂ ಒಂದೇ ಆದುದರಿಂದ ವ್ಯಾಕರಣವು ಚಕಾರವೆತ್ತುವುದಿಲ್ಲ. ‘ಅರ್ಥ’ದ ಚುಕ್ಕೆ ಹೋದರೆ ‘ಅರ್ಧ’. ‘ಧನ’ದ ಸೀಳು ಹೋದರೆ ‘ದನ’. ದೀರ್ಘದ ಚಿಹ್ನೆ ಹೋದರೆ ‘ಬೇಳೆ’ ‘ಬೆಳೆ’ಯಾಗುತ್ತದೆ. ಪಂಕ್ತಿಗಳನ್ನು ಬೇರ್ಪಡಿಸುವಾಗ ಒತ್ತನ್ನು ಕತ್ತರಿಸಿದರೆ ‘ಹಳ್ಳಿ’ ‘ಹಳಿ’ಯಾಗುತ್ತದೆ, ‘ಕತ್ತೆ’ ‘ಕತೆ’ಯಾಗುತ್ತದೆ. ಇದಕ್ಕೆ ಪ್ರತಿಯಾಗಿ ಧೂಳಿನ ಕಣವೊಂದು ರಕಾರದ ಹೊಟ್ಟೆಯಲ್ಲಿ ಕುಳಿತರೆ ‘ಮರ’ವೇ ‘ಮಠ’ವಾಗುತ್ತದೆ. ಅಳಿಸಿದರೂ ತಪ್ಪು, ಉಳಿಸಿದರೂ ತಪ್ಪಾಗಬಹುದಾದ ಈ ಸ್ಥಳದಲ್ಲಿ ಬರಿಯ ಅಳತೆಯು ತೀರ್ಪನ್ನು ಕೊಡಲಾರದು.

ಇದನ್ನು ಲೆಕ್ಕದಿಂದಲೂ ತೋರಿಸಬಹುದು. ಛಾಯಾಪ್ರತಿಯನ್ನು ಅಂಗುಲಕ್ಕೆ ೩೦೦ ಪಿಕ್ಸೆಲ್‌ಗಳ ಪ್ರಮಾಣದಲ್ಲಿ ತೆಗೆಯುವುದು ಸಾಮಾನ್ಯ. ಚುಕ್ಕೆಯ ಅಗಲವು ಕಾಲು ಮಿಲ್ಲಿಮೀಟರ್ ಎಂದು ಇಟ್ಟುಕೊಂಡರೆ, ಅದು ಸುಮಾರು ೩ ಪಿಕ್ಸೆಲ್ ಅಗಲ, ೩ ಪಿಕ್ಸೆಲ್ ಉದ್ದವಾಗಿ ಒಟ್ಟು ೯ ಪಿಕ್ಸೆಲ್‌ಗಳಾಗಿ ನಿಲ್ಲುತ್ತದೆ. ಐದಕ್ಕೆ ಐದರ ಕಿಂಡಿಯಲ್ಲಿ ಮಧ್ಯಾಂಕವನ್ನು ತೆಗೆದರೆ, ೨೫ರಲ್ಲಿ ೧೩ ಕಪ್ಪಾಗಿದ್ದರೆ ಮಾತ್ರ ನಡುವಿನದು ಕಪ್ಪಾಗಿ ಉಳಿಯುತ್ತದೆ, ಚುಕ್ಕೆಯಲ್ಲಿರುವುದೇ ೯. ಆದಕಾರಣ ಅದು ಒಂದೇ ಸಲಕ್ಕೆ ಸಂಪೂರ್ಣವಾಗಿ ಅಳಿಯುತ್ತದೆ. ಮೂರಕ್ಕೆ ಮೂರರ ಚಿಕ್ಕ ಕಿಂಡಿಯಾದರೆ ಮೊದಲನೆಯ ಸಲ ನಾಲ್ಕು ಮೂಲೆಗಳು ಹೋಗಿ ೫ ಉಳಿಯುತ್ತವೆ, ಎರಡನೆಯ ಸಲ ೧ ಉಳಿಯುತ್ತದೆ, ಮೂರನೆಯ ಸಲ ಏನೂ ಉಳಿಯುವುದಿಲ್ಲ. ಅದೇ ಪುಟವನ್ನು ಅಂಗುಲಕ್ಕೆ ೬೦೦ರ ಪ್ರಮಾಣದಲ್ಲಿ ತೆಗೆದಿದ್ದರೆ ಚುಕ್ಕೆಯು ಆರಕ್ಕೆ ಆರಾಗಿ ೩೬ ಪಿಕ್ಸೆಲ್‌ಗಳಷ್ಟು ಇರುತ್ತಿದ್ದಿತು. ಐದಕ್ಕೆ ಐದರ ಕಿಂಡಿಯು ಅದರ ಮೂಲೆಗಳನ್ನು ಸವೆಸಿದರೂ ಒಡಲನ್ನು ಮುಟ್ಟಲಾರದು. ಮಠವು ಮಠವಾಗಿ ಉಳಿಯುವುದೂ ಮರವಾಗುವುದೂ ಛಾಯಾಪ್ರತಿಯನ್ನು ತೆಗೆದವನು ಮೊದಲ ದಿನ ಆರಿಸಿಕೊಂಡ ಒಂದು ಸಂಖ್ಯೆಯನ್ನು ಅವಲಂಬಿಸಿತು.

೬

ಆಂಡರ್ಸನ್‌ಪೇಟೆಯಂತಹ ಊರಿನ ಬರೆಹವನ್ನು ಓದಿಸುವಾಗ ಈ ಕಷ್ಟವು ಮೂರು ಮಡಿಯಾಗುತ್ತದೆ. ತೆಲುಗು ಲಿಪಿಯು ಕನ್ನಡದ ಒಡಹುಟ್ಟು. ಅಲ್ಲಿಯೂ ಠಕಾರ ಥಕಾರಗಳು ಚುಕ್ಕೆಯಿಂದಲೇ ಬೇರೆಯಾಗುತ್ತವೆ. ತಮಿಳಿನಲ್ಲಿ ಮಹಾಪ್ರಾಣಗಳಿಲ್ಲದಿದ್ದರೂ ಅಕ್ಷರದ ನೆತ್ತಿಯ ಮೇಲೆ ಪುಳ್ಳಿಯೆಂಬ ಚುಕ್ಕೆಯುಂಟು. ಅದು ವ್ಯಂಜನದೊಳಗಿನ ಅಕಾರವನ್ನು ತೆಗೆಯುತ್ತದೆ. ಪುಳ್ಳಿ ಅಳಿದರೆ ‘ಕಲ್’ ಎಂಬುದು ‘ಕಲ’ ಎಂದಾಗುತ್ತದೆ. ಮೂರು ಲಿಪಿಗಳಲ್ಲಿಯೂ ಭಾಷೆಯು ಚುಕ್ಕೆಯನ್ನು ನಂಬಿದೆ. ನಂಬಿದ ಬಗೆ ಮಾತ್ರ ಬೇರೆ ಬೇರೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರಾಚೀನ ತಮಿಳು ಶಾಸನಗಳಲ್ಲಿ ಪುಳ್ಳಿಯನ್ನು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ. ಆದುದರಿಂದ ಈ ಸೀಮೆಯ ಚೋಳರ ಕಾಲದ ಕಲ್ಲಿನಲ್ಲಿ ಪುಳ್ಳಿ ಕಾಣದಿದ್ದರೆ ಅದು ಸವೆತದಿಂದ ಆದ ಲೋಪವೆಂದು ಭಾವಿಸಿ ತುಂಬುವುದು ತಪ್ಪು. ಇಂದಿನ ಅಚ್ಚಿನಲ್ಲಿ ಕಾಣದಿದ್ದರೆ ಅದು ಲೋಪವೇ ಸರಿ. ಇರುವುದನ್ನು ಕೊಳೆಯೆನ್ನುವುದಕ್ಕೂ ಇಲ್ಲದುದನ್ನು ಲೋಪವೆನ್ನುವುದಕ್ಕೂ ಕಾಲ, ಲಿಪಿ, ಬರೆದ ವಸ್ತು ಇವುಗಳ ಜ್ಞಾನ ಬೇಕು. ಒಂದೇ ಪುಟದಲ್ಲಿ ಎರಡು ಲಿಪಿಗಳಿದ್ದರೆ ಎರಡಕ್ಕೂ ಒಂದೇ ಶೋಧನಕ್ರಮವನ್ನು ಅನ್ವಯಿಸುವುದು, ಎರಡು ಭಾಷೆಗಳಿಗೆ ಒಂದೇ ವ್ಯಾಕರಣವನ್ನು ಅನ್ವಯಿಸಿದಂತೆ.

೭

ಇದಕ್ಕೆ ಮೂರು ಸಮಾಧಾನಗಳನ್ನು ಹೇಳುವುದುಂಟು. ಅವುಗಳನ್ನು ಪರೀಕ್ಷಿಸಬೇಕು.

ಮೊದಲನೆಯದು: ಯಂತ್ರವು ತಪ್ಪಾಗಿ ಓದಿದುದನ್ನು ನಿಘಂಟಿನೊಡನೆ ಹೋಲಿಸಿ ಆಮೇಲೆ ತಿದ್ದಬಹುದು ಎಂಬುದು. ‘ಪಾಠಾಂತರ’ವು ‘ಪಾರಾಂತರ’ವಾದರೆ ನಿಘಂಟು ಹಿಡಿದೀತು. ಆದರೆ ಮಠ ಮರಗಳು, ಅರ್ಥ ಅರ್ಧಗಳು, ಧನ ದನಗಳು ಎಲ್ಲವೂ ನಿಘಂಟಿನಲ್ಲಿರುವ ಶಬ್ದಗಳೇ. ನಿಘಂಟು ಹಿಡಿಯುವುದು ಅಪಶಬ್ದವನ್ನು. ಅಪಪಾಠವು ಸಾಧುಶಬ್ದದ ವೇಷದಲ್ಲಿ ಬಂದಾಗ ಅದು ಬಾಗಿಲು ತೆರೆಯುತ್ತದೆ. ಶಾಸನದಲ್ಲಂತೂ ಹೆಸರುಗಳೇ ಹೆಚ್ಚು. ಇಂದಿನ ನಿಘಂಟಿನಲ್ಲಿ ಇಲ್ಲದ ಊರ ಹೆಸರನ್ನು ಇರುವ ಶಬ್ದಕ್ಕೆ ‘ತಿದ್ದುವ’ ಅಪಾಯ ಇನ್ನೂ ದೊಡ್ಡದು. ಕ್ಲಿಷ್ಟಪಾಠವನ್ನು ಬಿಟ್ಟು ಸುಲಭಪಾಠವನ್ನು ಹಿಡಿಯುವ ಲಿಪಿಕಾರನ ದೋಷವನ್ನು ಗ್ರಂಥಸಂಪಾದಕರು ಬಹುಕಾಲದಿಂದ ಬಲ್ಲರು. ಆ ಲಿಪಿಕಾರನೇ ಯಂತ್ರರೂಪದಿಂದ ಮರಳಿ ಬಂದಿದ್ದಾನೆ.

ಎರಡನೆಯದು: ಹೊಸ ನರಜಾಲಯಂತ್ರಗಳು ಕೊಳೆಯಿದ್ದ ಪುಟವನ್ನೇ ಓದಬಲ್ಲವು, ಕೆಲವು ಮಸುಕಾದ ಅಕ್ಷರವನ್ನು ಪೂರ್ಣಗೊಳಿಸಿ ಬರೆಯಲೂ ಬಲ್ಲವು ಎಂಬುದು. ಕೊಳೆಯೊಡನೆಯೇ ಓದಲು ಕಲಿತ ಯಂತ್ರವು ಒಂದು ದೃಷ್ಟಿಯಿಂದ ಒಳ್ಳೆಯದೇ. ಮೂಲವನ್ನು ಅದು ಕೆ‌ಡಿಸುವುದಿಲ್ಲ. ಮಸುಕಾದುದನ್ನು ತುಂಬುವ ಯಂತ್ರದ ವಿಷಯ ಬೇರೆ. ಅದು ತುಂಬುವುದು ತಾನು ಮೊದಲೇ ಕಂಡ ಸಾವಿರಾರು ಅಕ್ಷರಗಳ ಸಾಮ್ಯದಿಂದ. ಸಂಪಾದಕನ ಊಹೆಗೂ ಅದಕ್ಕೂ ಇರುವ ಭೇದವೆಂದರೆ, ಸಂಪಾದಕನು ಊಹೆಯನ್ನು ಕಂಸದೊಳಗಿಡುತ್ತಾನೆ. ಯಂತ್ರವು ಕಂಸವನ್ನು ಹಾಕುವುದಿಲ್ಲ. ೨೦೧೩ರಲ್ಲಿ ಜರ್ಮನಿಯ ಗಣಕವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು, ಕೆಲವು ಪ್ರತಿಯಂತ್ರಗಳು ಪುಟದ ಗಾತ್ರವನ್ನು ಕುಗ್ಗಿಸುವ ಸಲುವಾಗಿ ಒಂದನ್ನೊಂದು ಹೋಲುವ ಆಕೃತಿಗಳನ್ನು ಒಂದೇ ಎಂದೆಣಿಸಿ, ಅಚ್ಚುಕಟ್ಟಾಗಿ ಕಾಣುವ ಪುಟದಲ್ಲಿಯೇ ಒಂದು ಅಂಕಿಯ ಬದಲು ಇನ್ನೊಂದನ್ನು ಮುದ್ರಿಸುತ್ತಿದ್ದುದನ್ನು ತೋರಿಸಿಕೊಟ್ಟರು. ಮಸುಕಾದ ಪುಟವು ಓದುಗನನ್ನು ಎಚ್ಚರಿಸುತ್ತದೆ. ಶುಚಿಯಾಗಿ ಕಾಣುವ ತಪ್ಪು ಪುಟವು ಅವನನ್ನು ಮಲಗಿಸುತ್ತದೆ. ಅಂಕಿಯೊಂದು ಬದಲಾದರೆ ಶಕವರ್ಷವೇ ಬದಲಾಗುವ ಶಾಸನಪಾಠದಲ್ಲಿ ಇದರ ಪರಿಣಾಮವನ್ನು ಬೇರೆ ಹೇಳಬೇಕಾದುದಿಲ್ಲ.

ಮೂರನೆಯದು: ಇಂದಿನ ಯಂತ್ರಗಳ ತಪ್ಪಿನ ಪ್ರಮಾಣ ಅತ್ಯಲ್ಪ ಎಂಬುದು. ೨,೦೦೦ ಅಕ್ಷರಗಳ ಪುಟದಲ್ಲಿ ಒಂದು ತಪ್ಪಾದರೆ ನೂರಕ್ಕೆ ೯೯.೯೫ರಷ್ಟು ಸರಿ ಎನ್ನುತ್ತಾರೆ. ಆ ಒಂದು ತಪ್ಪೇ ಮಠವನ್ನು ಮರಮಾಡಿರಬಹುದು. ಪುಟಶೋಧನೆಯ ವಿಧಾನಗಳನ್ನು ತೂಗುವ ಅಂತರರಾಷ್ಟ್ರೀಯ ಸ್ಪರ್ಧೆಗಳು ೨೦೦೯ರಿಂದ ನಡೆದುಬಂದಿವೆ. ಅವುಗಳಲ್ಲಿ ಮುಖ್ಯವಾಗಿ ಎಣಿಸುವುದು ಪಿಕ್ಸೆಲ್‌ಗಳನ್ನು: ಎಷ್ಟು ಪಿಕ್ಸೆಲ್ ಸರಿಯಾಗಿ ಮಸಿಯೆಂದು ಗುರುತಾದುವು, ಎಷ್ಟು ತಪ್ಪಾದುವು ಎಂದು. ಆ ಎಣಿಕೆಯಲ್ಲಿ ತಲೆಕಟ್ಟಿನ ಅಂಚಿನಿಂದ ಸವೆದುಹೋದ ೯ ಪಿಕ್ಸೆಲ್‌ಗಳೂ ಥಕಾರದ ಹೊಟ್ಟೆಯಿಂದ ಹೋದ ೯ ಪಿಕ್ಸೆಲ್‌ಗಳೂ ಸಮ. ಓದುಗನಿಗೆ ಮೊದಲನೆಯ ನಷ್ಟ ಕಾಣುವುದೇ ಇಲ್ಲ. ಎರಡನೆಯದು ಶಬ್ದವನ್ನೇ ಕೊಲ್ಲುತ್ತದೆ. ಅರ್ಥಭೇದವನ್ನು ತೂಗದ ತಕ್ಕಡಿಯಿಂದ ಪಠ್ಯವನ್ನು ತೂಗಿದರೆ ಬರುವ ಅಂಕವು ಪಠ್ಯದ ಗುಣವನ್ನು ಹೇಳುವುದಿಲ್ಲ.

೮

ದೋಷವನ್ನು ತೋರಿಸಿದ ಮೇಲೆ ಮಾರ್ಗವನ್ನು ಸೂಚಿಸುವುದು ವಿಮರ್ಶೆಯ ಕರ್ತವ್ಯ. ಇದಕ್ಕೆ ಹೊಸ ಶಾಸ್ತ್ರವೇನೂ ಬೇಕಾಗಿಲ್ಲ. ಗ್ರಂಥಸಂಪಾದನೆಯ ಹಳೆಯ ಶಾಸ್ತ್ರವೇ ಸಾಕು.

ಮೂಲಪ್ರತಿಯ ರಕ್ಷಣೆ ಮೊದಲನೆಯದು. ಪುಟವನ್ನು ಬಣ್ಣದಲ್ಲಿ, ಅಂಗುಲಕ್ಕೆ ೬೦೦ಕ್ಕೆ ಕಡಮೆಯಿಲ್ಲದ ಪ್ರಮಾಣದಲ್ಲಿ, ಏನನ್ನೂ ಅಳಿಸದೆ ತೆಗೆದು ಇಡತಕ್ಕದ್ದು. ಶೋಧನೆಯೆಲ್ಲವೂ ಅದರ ನಕಲಿನ ಮೇಲೆಯೇ ನಡೆಯತಕ್ಕದ್ದು. ಎರಡನೆಯದು ಲಿಪಿಗೆ ತಕ್ಕ ಶೋಧನೆ. ಚುಕ್ಕೆಯನ್ನು ಅದರ ಗಾತ್ರದಿಂದ ಮಾತ್ರ ಅಳೆಯದೆ ಅದು ನಿಂತ ಸ್ಥಾನದಿಂದಲೂ ಅಳೆಯಬೇಕು. ಅಂಚಿನ ಬಿಳುಪಿನಲ್ಲಿರುವ ಚುಕ್ಕೆಯನ್ನು ಧೈರ್ಯವಾಗಿ ತೆಗೆಯಬಹುದು. ಗುಂಡನೆಯ ಅಕ್ಷರದ ಒಡಲೊಳಗೆ, ಅಕ್ಷರದ ಅಡಿಯಲ್ಲಿ, ಬಲಮಗ್ಗುಲಲ್ಲಿ ಇರುವುದನ್ನು ಯಂತ್ರವು ತಾನಾಗಿ ಮುಟ್ಟಕೂಡದು. ಸಮದೂರದಲ್ಲಿ ಸಾಲಾಗಿ ನಿಂತ ಬಿಂದುಗಳು ಧೂಳಲ್ಲ. ಅವು ಸಂಪಾದಕನ ಮಾತು. ಮೂರನೆಯದು ಪಾಠಾಂತರಗಳ ತುಲನೆ. ಒಂದೇ ಪುಟವನ್ನು ಎರಡು ಮೂರು ಕ್ರಮಗಳಲ್ಲಿ ಶುಚಿಮಾಡಿ, ಒಂದೊಂದನ್ನೂ ಪ್ರತ್ಯೇಕವಾಗಿ ಓದಿಸಿದರೆ ಎರಡು ಮೂರು ಪ್ರತಿಗಳು ಸಿದ್ಧವಾಗುತ್ತವೆ. ಅವೆಲ್ಲವೂ ಒಪ್ಪುವ ಕಡೆ ಸಂದೇಹ ಕಡಮೆ. ಒಪ್ಪದ ಕಡೆ ವಿದ್ವಾಂಸನು ಮೂಲಪ್ರತಿಯನ್ನು ಕಣ್ಣಾರೆ ನೋಡಿ ತೀರ್ಮಾನಿಸಬೇಕು. ಪುಟವೊಂದಕ್ಕೆ ಎರಡು ಸಾವಿರ ಅಕ್ಷರಗಳನ್ನು ನೋಡಬೇಕಾದ ಶ್ರಮವು ಹೀಗೆ ಕೆಲವೇ ಅಕ್ಷರಗಳಿಗೆ ಇಳಿಯುತ್ತದೆ.

ಕೋಲಾರದ ಸಂಪುಟದ ಮಟ್ಟಿಗೆ ಇನ್ನೊಂದು ಅನುಕೂಲವು ಅದರ ಒಳಗೇ ಇದೆ. ರೈಸ್ ಅವರು ಪಾಠವನ್ನು ಎರಡು ಲಿಪಿಗಳಲ್ಲಿ ಕೊಟ್ಟುದು ಹೊರದೇಶದ ಓದುಗರ ಸೌಕರ್ಯಕ್ಕಾಗಿ ಇರಬಹುದು. ಇಂದು ಅದೇ ಶೋಧನೆಯ ಒರೆಗಲ್ಲಾಗಬಲ್ಲುದು. ಕನ್ನಡ ಅಚ್ಚಿನಲ್ಲಿ ಠಕಾರ ರಕಾರಗಳಿಗಿರುವ ಭೇದವು ಒಂದು ಚುಕ್ಕೆ. ರೋಮನ್ ಅಚ್ಚಿನಲ್ಲಿ ಅವು ಸಂಪೂರ್ಣ ಬೇರೆ ಅಕ್ಷರಗಳು. ಅಲ್ಲಿಯೂ ಮೂರ್ಧನ್ಯಾಕ್ಷರಗಳ ಅಡಿಯ ಚುಕ್ಕೆಗಳು, ದೀರ್ಘದ ಚಿಹ್ನೆಗಳು ಅಳಿಯಬಹುದು. ಆದರೆ ಆ ಚುಕ್ಕೆ ಅಳಿದು ಟಕಾರವು ತಕಾರವಾದೀತೇ ಹೊರತು ಮಠವು ಮರವಾಗಲಾರದು. ಒಂದು ಲಿಪಿಯ ದುರ್ಬಲ ಸ್ಥಾನದಲ್ಲಿ ಇನ್ನೊಂದು ಲಿಪಿ ಬಲವಾಗಿದೆ. ಆದುದರಿಂದ ಎರಡು ಪಾಠಗಳನ್ನೂ ಯಂತ್ರದಿಂದ ಓದಿಸಿ ಸಾಲುಸಾಲಾಗಿ ಹೋಲಿಸಿದರೆ, ಪುಟಶೋಧನೆಯು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುವುವು. ನಿಘಂಟಿನಿಂದ ಆಗದ ಕೆಲಸವು ಸಂಪುಟದ ಎರಡನೆಯ ಸಾಕ್ಷಿಯಿಂದ ಆಗುತ್ತದೆ. ಈ ಸಾಕ್ಷಿಯೂ ಕೈಬಿಟ್ಟ ಕಡೆ ಕಲ್ಲಿನ ಬಳಿಗೇ ಹಿಂದಿರುಗಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಆ ನಗರದ ಸುತ್ತಣ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನಿನಿಂದ ಪ್ರತಿಗೈಯುತ್ತ ಬಂದಿರುವ ಕ್ರಮದಲ್ಲಿ ಮಸಿಯ ಬಣ್ಣಕ್ಕೆ ಬದಲಾಗಿ ಕಲ್ಲಿನ ಆಳವೇ ದಾಖಲೆಯಾಗುತ್ತದೆ. ಪಡಿಯಚ್ಚಿನಲ್ಲಿ ಒಂದೇ ಬಿಳುಪಾಗಿ ತೋರುವ ಉಳಿಯ ಗೀರೂ ಮಳೆಯ ಗುಂಡಿಯೂ ಆಳದಲ್ಲಿ, ಅಂಚಿನಲ್ಲಿ ಬೇರೆಯಾಗಿ ತೋರಬಲ್ಲುವು.

ಆಂಡರ್ಸನ್‌ಪೇಟೆಯ ಜನರು ದಿನವೂ ನೋಡುವ ಒಂದು ದೃಶ್ಯವು ಈ ವಿಚಾರಕ್ಕೆ ನಿದರ್ಶನವಾಗಿದೆ. ಗಣಿಯಿಂದ ತೆಗೆದ ಕಲ್ಲನ್ನು ಪುಡಿಮಾಡಿ, ಸಯನೈಡ್ ವಿಧಾನದಿಂದ ಚಿನ್ನವನ್ನು ತೆಗೆದುಕೊಂಡು, ಉಳಿದ ಮಣ್ಣನ್ನು ನಿಷ್ಪ್ರಯೋಜಕವೆಂದು ಸುರಿದ ದಿಬ್ಬಗಳು ಗಣಿಪ್ರದೇಶದಲ್ಲಿ ಗುಡ್ಡಗಳಾಗಿ ನಿಂತಿವೆ. ಆ ಮಣ್ಣಿನಲ್ಲಿ ಇನ್ನೂ ಅಲ್ಪಸ್ವಲ್ಪ ಚಿನ್ನವಿದೆಯೆಂದು ಮುಂದೆ ತಿಳಿಯಬಂದು, ಅದನ್ನು ಹೊಸ ವಿಧಾನಗಳಿಂದ ತೆಗೆಯುವ ಯೋಚನೆಗಳು ನಡೆದಿವೆ. ಅಂದಿನ ಜರಡಿಗೆ ಕಸವಾಗಿ ಕಂಡುದು ಇಂದಿನ ಜರಡಿಗೆ ಹಾಗಲ್ಲ. ದಿಬ್ಬಗಳು ಉಳಿದಿದ್ದುದರಿಂದ ಆ ಪುನರ್ವಿಚಾರಕ್ಕೆ ಅವಕಾಶವಾಯಿತು. ಪುಟದಿಂದ ಅಳಿಸಿ, ಮೂಲವನ್ನೂ ಕಾಪಾಡದೆ ಬಿಟ್ಟ ಚುಕ್ಕೆಗೆ ಅಂತಹ ದಿಬ್ಬವಿಲ್ಲ. ಯಂತ್ರಗಳು ವರ್ಷ ವರ್ಷಕ್ಕೂ ಉತ್ತಮವಾಗುತ್ತವೆ. ನಾಳಿನ ಯಂತ್ರವು ಓದಬೇಕಾದುದನ್ನು ಇಂದಿನ ಶುಚಿತ್ವವು ಕಳೆದಿರಬಾರದು. ಅದನ್ನು ನೋಡಿಕೊಳ್ಳುವ ಹೊಣೆ ಯಂತ್ರಜ್ಞರಷ್ಟೇ ಕನ್ನಡದ ವಿದ್ವಾಂಸರಿಗೂ ಸೇರಿದುದು.